ಮೂರ್ಛೆರೋಗ, ಮಿದುಳಿನ ಬಾಗಿಲು ಮತ್ತು ನ್ಯಾನೋ ಕಣ

ನಮ್ಮೂರುಗಳಲ್ಲಿ ಯಾರಿಗಾದ್ರೂ ಫಿಟ್ಸ್ ಬಂದರೆ ಸುತ್ತ ಸೇರಿದವರು ಮೊದಲು ಹುಡುಕೋದು ಬೀಗದಕೈಯನ್ನು. ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತೆ ಅನ್ನೋ ನಂಬಿಕೆ. ನಿಜ ಅಂದ್ರೆ ಸೆಳವು ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತೆ, ಹೆಸರು ಮಾತ್ರ ಬೀಗದಕೈಗೆ. ವಿಚಿತ್ರ ನೋಡಿ, ಈ ರೋಗದ ಔಷಧಿಗಳ ಚರಿತ್ರೆಯಲ್ಲೂ ಒಂದು ಮುಚ್ಚಿದ ಬಾಗಿಲಿದೆ.

ಮೊದಲ ಔಷಧಿಗಳು ಸಿಕ್ಕಿದ್ದು ಹೆಚ್ಚುಕಡಿಮೆ ಆಕಸ್ಮಿಕವಾಗಿ. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೊಕಾಕ್, ವಿಕ್ಟೋರಿಯಾ ರಾಣಿಯ ಹೆರಿಗೆ ವೈದ್ಯರು, ಬ್ರೋಮೈಡ್ ಕೊಟ್ಟರೆ ಸೆಳವು ಕಡಿಮೆಯಾಗುತ್ತೆ ಅಂದರು. 1912ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಆಲ್ಫ್ರೆಡ್ ಹಾಪ್ಟ್‌ಮನ್, ನಿದ್ದೆ ತರಿಸುವ ಫಿನೋಬಾರ್ಬಿಟಾಲ್‌ಗೂ ಅದೇ ಗುಣ ಇರೋದನ್ನು ಕಂಡರು. 1938ರಲ್ಲಿ ಬಾಸ್ಟನ್ನಿನ ಮೆರಿಟ್ ಮತ್ತು ಪುಟ್ನಮ್, ಬೆಕ್ಕುಗಳ ಮೇಲೆ ಪರೀಕ್ಷೆ ಮಾಡಿ ಫೆನಿಟಾಯಿನ್ ತಂದರು. ನಮ್ಮ ಕಡೆ ಎಪ್ಟಾಯಿನ್ ಅಂತ ಪರಿಚಿತವಾದ ಮಾತ್ರೆ ಇದೇ.

ಇವೆಲ್ಲಕ್ಕೂ ಒಂದೇ ಕೊರತೆ. ಬೇಕಾಗಿರೋದು ಮಿದುಳಿಗೆ, ಆದರೆ ಮಾತ್ರೆ ಮೈಯೆಲ್ಲ ಸುತ್ತುತ್ತೆ. ಹಾಗಾಗಿ ಕೆಲವರಿಗೆ ವಸಡು ಊದೋದು. ಹಾಗಾದ್ರೆ ಔಷಧಿಯನ್ನು ನೇರವಾಗಿ ಮಿದುಳಿಗೇ ಕಳಿಸಬಾರದಾ?

ಅಲ್ಲೇ ಇರೋದು ಆ ಬಾಗಿಲು. 1885ರಲ್ಲಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿದಾಗ ಅಂಗಾಂಗಗಳೆಲ್ಲ ಬಣ್ಣವಾದವು, ಮಿದುಳು ಮಾತ್ರ ಆಗಲಿಲ್ಲ. 1913ರಲ್ಲಿ ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ ಉಲ್ಟಾ ಮಾಡಿದರು. ಬಣ್ಣವನ್ನು ಮಿದುಳಿನ ಸುತ್ತಲ ದ್ರವಕ್ಕೇ ಚುಚ್ಚಿದರು. ಈಗ ಮಿದುಳು ಬಣ್ಣವಾಯ್ತು, ಉಳಿದ ದೇಹ ಆಗಲಿಲ್ಲ. ಅಂದ್ರೆ ನಡುವೆ ಒಂದು ಗೋಡೆಯಿದೆ! 1967ರಲ್ಲಿ ರೀಸ್ ಮತ್ತು ಕಾರ್ನೋವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡರು. ಮಿದುಳಿನ ರಕ್ತನಾಳಗಳ ಒಳಪದರದ ಜೀವಕೋಶಗಳು ಸಂದಿಯಿಲ್ಲದಂತೆ ಬೆಸೆದುಕೊಂಡಿವೆ.

ಸೆಳವಿನ ಮಾತ್ರೆಗಳು ಈ ಗೋಡೆ ದಾಟುವಷ್ಟು ಚಿಕ್ಕವು, ಸರಿ. ಆದರೆ ಒಳಗೆ ಬಂದದ್ದನ್ನು ಮತ್ತೆ ಹೊರದಬ್ಬುವ ಪಂಪಿನಂಥ ಪ್ರೋಟೀನುಗಳೂ ಅಲ್ಲಿವೆ. ಔಷಧಿಗೆ ಬಗ್ಗದ ಕೆಲವು ರೋಗಿಗಳ ಮಿದುಳಿನ ಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದು ನೋಡಿದಾಗ ಈ ಪಂಪುಗಳು ಹೆಚ್ಚಾಗಿದ್ದವು ಅಂತ 1995ರಲ್ಲಿ ವರದಿಯಾಯ್ತು. 2000ದಲ್ಲಿ ಗ್ಲಾಸ್ಗೋದ ಕ್ವಾನ್ ಮತ್ತು ಬ್ರಾಡಿ 525 ರೋಗಿಗಳ ಲೆಕ್ಕ ಕೊಟ್ಟರು. ಮಾತ್ರೆಯಿಂದ ಸೆಳವು ಪೂರ್ತಿ ನಿಂತದ್ದು ಶೇಕಡಾ 63 ಮಂದಿಗೆ. ಉಳಿದವರ ಗತಿ?

ನ್ಯಾನೋ ಕಣ ಕಥೆಗೆ ಬರೋದು ಇಲ್ಲಿ. ಫ್ರಾಂಕ್‌ಫರ್ಟ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಬೆಂಗಳೂರಿಗೆ ಹೋಗುವಾಗ ವಿಮಾನ ಬದಲಿಸುವ ಊರು. ಅದೇ ಊರಿನ ವಿಶ್ವವಿದ್ಯಾಲಯದ ಯೋರ್ಗ್ ಕ್ರೊಯ್ಟರ್ ಮತ್ತು ಸಂಗಡಿಗರು 1995ರಲ್ಲಿ ಒಂದು ಉಪಾಯ ತೋರಿಸಿದರು. ಡಲಾರ್ಜಿನ್ ಅನ್ನೋ ನೋವುನಿವಾರಕ ರಕ್ತದಿಂದ ಮಿದುಳಿಗೆ ಹೋಗಲ್ಲ. ಅದನ್ನು ಕೂದಲೆಳೆಯ ದಪ್ಪದಲ್ಲಿ ಸುಮಾರು ಮುನ್ನೂರನೇ ಒಂದು ಭಾಗದಷ್ಟಿರುವ ಕಣಗಳಿಗೆ ಅಂಟಿಸಿ, ಮೇಲೆ ಪಾಲಿಸಾರ್ಬೇಟ್ 80 ಸವರಿದರು. ಐಸ್‌ಕ್ರೀಮಿಗೆ ಹಾಕ್ತಾರಲ್ಲ, ಅದೇ ವಸ್ತು. ಇಲಿಗಳಲ್ಲಿ ಮದ್ದು ಕೆಲಸ ಮಾಡ್ತು! ಆ ಲೇಪನಕ್ಕೆ ರಕ್ತದಲ್ಲಿನ ಒಂದು ಪ್ರೋಟೀನು ಅಂಟಿಕೊಳ್ಳುತ್ತೆ, ಆಗ ಗೋಡೆಯ ಜೀವಕೋಶಗಳು ಕಣವನ್ನು ಕೊಬ್ಬಿನ ಕಣ ಅಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತವೆ ಅನ್ನೋದು ಅವರ ವಿವರಣೆ.

2000ದ ಹೊತ್ತಿಗೆ ಸೆಳವಿನ ಮದ್ದುಗಳಲ್ಲೂ ಇದನ್ನು ಪ್ರಯತ್ನಿಸಲಾಯ್ತು. ಒಂದು ಹೊಸ ಮದ್ದಿನ ಪರಿಣಾಮ ಇಲಿಗಳಲ್ಲಿ ಹೆಚ್ಚು ಹೊತ್ತು ಉಳೀತು. ವಾಲ್ಪ್ರೋಯೇಟ್ ಮಾತ್ರ ಮಿದುಳಿಗೆ ಮೊದಲಿಗಿಂತ ಹೆಚ್ಚೇನೂ ಹೋಗಲಿಲ್ಲ. ಎಲ್ಲ ಬೀಗಕ್ಕೂ ಒಂದೇ ಕೀಲಿ ಇಲ್ಲ ಅನ್ನೋದು ಆಗಲೇ ಗೊತ್ತಾಯ್ತು.

ಅಂದಿನಿಂದ ಈ ದಾರಿಯಲ್ಲಿ ಬಹಳ ಕೆಲಸ ನಡೆದಿದೆ, ಆದರೆ ಬಹುಪಾಲು ಇಲಿಗಳಲ್ಲೇ. ಚುಚ್ಚಿದ ಕಣಗಳಲ್ಲಿ ಹೆಚ್ಚಿನವು ಯಕೃತ್ತು, ಗುಲ್ಮಗಳಲ್ಲಿ ಸೇರಿಕೊಳ್ಳುತ್ತವೆ. ವರ್ಷಗಟ್ಟಲೆ ತೆಗೆದುಕೊಳ್ಳಬೇಕಾದ ಔಷಧಿಗೆ ಇದು ಸಣ್ಣ ತೊಡಕಲ್ಲ.

ಹಾಗಾಗಿ ಊರಿಂದ ಯಾರಾದ್ರೂ "ನ್ಯಾನೋ ಔಷಧಿ ಬಂದಿದೆಯಂತೆ, ಮಾತ್ರೆ ಬಿಟ್ಟುಬಿಡೋಣವಾ" ಅಂತ ಕೇಳಿದರೆ ಖಂಡಿತ ಬೇಡ ಅನ್ನಿ. ಮಾತ್ರೆ ಥಟ್ಟನೆ ನಿಲ್ಲಿಸಿದರೆ ನಿಲ್ಲದ ಸೆಳವು ಬರಬಹುದು, ಪ್ರಾಣಕ್ಕೇ ಕುತ್ತಾಗಬಹುದು. ಬ್ರೋಮೈಡ್‌ನಿಂದ ಫೆನಿಟಾಯಿನ್‌ವರೆಗೆ ಬರಲು 81 ವರ್ಷ ಹಿಡೀತು. ಕ್ರೊಯ್ಟರ್ ಅವರ ಪ್ರಯೋಗಕ್ಕೆ ಇನ್ನೂ ಅಷ್ಟು ವಯಸ್ಸಾಗಿಲ್ಲ. ಅಲ್ಲಿಯವರೆಗೆ ಮನೆಯವರಿಗೆ ಇಷ್ಟು ಹೇಳಿಕೊಡಿ: ಸೆಳವು ಬಂದವರನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ.