ಪರದೇಶದಲ್ಲಿ ಖಾರದ ಅನ್ವೇಷಣೆ: ಮೆಣಸು ಮತ್ತು ಮೆಣಸಿನಕಾಯಿ

ಯಲಹಂಕದ ನೆರೆಯ ಅಟ್ಟೂರಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಬಹು ದೂರವಲ್ಲ. 2008ರಲ್ಲಿ ಆರಂಭವಾದ ಆ ನಿಲ್ದಾಣದಿಂದ ಹೊರದೇಶಕ್ಕೆ ತೆರಳುವ ಕನ್ನಡಿಗರು ಚಟ್ನಿಪುಡಿ, ಹುಳಿಪುಡಿಗಳನ್ನು ಜೊತೆಗೊಯ್ಯುವುದುಂಟು. ಪರದೇಶದಲ್ಲಿ ಖಾರ ದೊರೆಯದೆಂಬ ಆತಂಕವೇ ಇದಕ್ಕೆ ಕಾರಣ. ಆದರೆ ಆ ಪುಡಿಗೆ ಖಾರವನ್ನೀಯುವ ಮೆಣಸಿನಕಾಯಿಯೇ ಪರದೇಶದಿಂದ ಬಂದುದು. ಖಾರವನ್ನರಸಿ ಕಡಲಿಗಿಳಿದ ಪ್ರವಾಸಿಗಳೇ ಅದನ್ನು ಲೋಕಕ್ಕೆ ಹರಡಿದರು. ಈ ಸಂಗತಿಗೆ ನಮ್ಮ ಭಾಷೆಯೂ ಸಾಕ್ಷಿಯಾಗಿ ನಿಂತಿದೆ.

ಭಾರತದ ಮೆಣಸನ್ನು ಪಡೆಯುವುದು ಕೊಲಂಬಸನ ಯಾತ್ರೆಯ ಉದ್ದೇಶಗಳಲ್ಲಿ ಒಂದು. 1492ರಲ್ಲಿ ಅವನು ಸೇರಿದ ದ್ವೀಪಗಳಲ್ಲಿ ಮೆಣಸಿನ ಬಳ್ಳಿ ಇರಲಿಲ್ಲ. ಅಲ್ಲಿನ ಜನ ‘ಅಹಿ’ ಎಂಬ ಕಾಯಿಯ ಖಾರವನ್ನು ಉಣ್ಣುತ್ತಿದ್ದರು. ಸ್ಪೇನಿನವರು ಹೊಸ ಕಾಯಿಯನ್ನು ಹಳೆಯ ಸರಕಿನ ಹೆಸರಿನಿಂದಲೇ ಗುರುತಿಸಿದರು. ಮೆಣಸು ‘ಪಿಮಿಯೆಂತಾ’ ಆಗಿದ್ದುದರಿಂದ ಕಾಯಿ ‘ಪಿಮಿಯೆಂತೊ’ ಆಯಿತು.

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಈ ಕಾಯಿ ನಮ್ಮ ಪಶ್ಚಿಮ ಕರಾವಳಿಯನ್ನು ಮುಟ್ಟಿತೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. 1510ರಲ್ಲಿ ಗೋವೆ ಅವರ ವಶವಾಗಿದ್ದಿತು. ಸ್ಪೇನಿನವರಂತೆ ಕನ್ನಡಿಗರೂ ಮೆಣಸಿನ ಹೆಸರನ್ನೇ ಹಿಡಿದು ಹೊಸದನ್ನು ‘ಮೆಣಸಿನಕಾಯಿ’ ಎಂದರು. ತಮಿಳಿನ ‘ಮಿಳಗು’, ‘ಮಿಳಗಾಯ್’ ಎಂಬ ಜೋಡಿಯೂ ಇದೇ ಬಗೆಯದು. ಬರಬರುತ್ತ ಅತಿಥಿಯೇ ಮನೆಯೊಡೆಯನಾದುದರಿಂದ, ಹಳೆಯ ಮೆಣಸಿಗೆ ‘ಕರಿ’, ‘ಕಾಳು’ ಎಂಬ ವಿಶೇಷಣಗಳು ಬೇಕಾದವು. ಕರಾವಳಿಯಲ್ಲಿ ಅದು ‘ಒಳ್ಳೆಮೆಣಸು’ ಎನಿಸಿತು.

ವಿದ್ಯಾರ್ಥಿಗಳು ಇಲ್ಲಿ ಎಚ್ಚರ ವಹಿಸಬೇಕಾದ ಒಂದು ವಿಷಯವುಂಟು. ಚಾವುಂಡರಾಯನ ‘ಲೋಕೋಪಕಾರ’ (1025) ಪಾಕವಿಚಾರವನ್ನೂ ಒಳಗೊಂಡ ಗ್ರಂಥ. ಅಂತಹ ಗ್ರಂಥಗಳಲ್ಲಿಯೂ ಆ ಕಾಲದ ಶಾಸನಗಳಲ್ಲಿಯೂ ‘ಮೆಣಸು’ ಎಂದರೆ ಕರಿಮೆಣಸೇ ಹೊರತು ಇಂದಿನ ಮೆಣಸಿನಕಾಯಿಯಲ್ಲ. ಪದ ಒಂದೇ ಆಗಿದ್ದರೂ ಪದಾರ್ಥ ಬೇರೆಯಾಗಬಹುದೆಂಬುದನ್ನು ಮರೆತರೆ, ಐದು ಶತಮಾನಗಳ ಅಂತರವನ್ನೇ ಅಳಿಸಿದಂತಾಗುತ್ತದೆ. ಪುರಂದರದಾಸರ (1484–1564) ಹೆಸರಿನಲ್ಲಿ ಮೆಣಸಿನಕಾಯಿಯನ್ನು ಕುರಿತ ಪದವೊಂದು ಪ್ರಚಾರದಲ್ಲಿದೆ. ಬಾಯಿಂದ ಬಾಯಿಗೆ ಹರಿದುಬಂದ ಕೀರ್ತನೆಗಳಲ್ಲಿ ಪ್ರಕ್ಷೇಪಕ್ಕೆ ಅವಕಾಶವಿರುವುದರಿಂದ, ಕಾಲನಿರ್ಣಯಕ್ಕೆ ಅದೊಂದೇ ಆಧಾರ ಸಾಲದು.

ಈ ಚರಿತ್ರೆ ಇಂದಿನ ಪ್ರವಾಸಿಗೂ ನೆರವಾದೀತು. ಇಂಗ್ಲಿಷಿನ ‘ಪೆಪ್ಪರ್’ ಎಂಬ ಪದ ಮೆಣಸಿಗೂ ಮೆಣಸಿನಕಾಯಿಗೂ ಸಲ್ಲುವುದರಿಂದ, ಅಂಗಡಿಯಲ್ಲಿ ಬೇಕಾದುದು ಯಾವುದೆಂದು ಬಿಡಿಸಿ ಹೇಳಬೇಕಾಗುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಅದರ ಹಿರಿಮೆ ಕಡು ಖಾರದಲ್ಲಿಲ್ಲ, ಗಾಢವಾದ ಕೆಂಪಿನಲ್ಲಿದೆ. ಅದು ಸಿಗದೆಡೆ ಹಂಗೆರಿಯ ‘ಪಾಪ್ರಿಕಾ’ ಪುಡಿ ಬಣ್ಣವನ್ನು ಕೊಡಬಲ್ಲದು. ಖಾರಕ್ಕೆ ಬೇರೊಂದು ಒಣಮೆಣಸಿನಕಾಯಿಯನ್ನು ಬೆರೆಸಬೇಕಾದೀತು. ‘ಪಾಪ್ರಿಕಾ’ ಎಂಬ ಹೆಸರಿನ ಮೂಲವೂ ಮೆಣಸಿನ ಹೆಸರೇ.

ಒಂದೇ ಗಿಡದ ಸಂತತಿ ಹಂಗೆರಿಯಲ್ಲಿಯೂ ಬ್ಯಾಡಗಿಯಲ್ಲಿಯೂ ಸ್ವದೇಶಿಯೆನಿಸಿಕೊಂಡಿದೆ. ಪರಂಪರಾಗತವೆಂದು ನಾವು ನಂಬಿದುದರಲ್ಲಿಯೂ ಹೊರಗಿನಿಂದ ಬಂದು ನಮ್ಮದಾದುದು ಎಷ್ಟೋ ಇದೆಯೆಂಬುದಕ್ಕೆ ನಮ್ಮ ಅಡುಗೆಮನೆಯೇ ನಿದರ್ಶನ.