ಪಾಳುಮನೆಯಲ್ಲಿ ಸಿಕ್ಕ ಸಂಗೀತ

2009ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸೇಂಟ್ ಆ್ಯನ್ ಎಂಬ ಊರಿನಲ್ಲಿ ಪಾಳುಬಿದ್ದ ಮನೆಯೊಂದರ ರಿಪೇರಿ ನಡೆಯಬೇಕಿತ್ತು. ಮರ ಬಿದ್ದು ಚಾವಣಿ ತೂತಾಗಿತ್ತು. ನೀರು ತಾಗದ ಒಂದು ಕಡೆ ಸ್ವರಲಿಪಿಯ ಹಸ್ತಪ್ರತಿಗಳ ರಾಶಿಯೇ ಇತ್ತು. ಅವುಗಳಲ್ಲಿ ಮತ್ತೆ ಮತ್ತೆ ಕಂಡ ಹೆಸರು ಫ್ಲಾರೆನ್ಸ್ ಪ್ರೈಸ್. ಆ ಕಪ್ಪು ಸಂಯೋಜಕಿ ತೀರಿಕೊಂಡು ಐವತ್ತಾರು ವರ್ಷಗಳಾಗಿದ್ದವು. ಅಮೆರಿಕದ ಶಾಸ್ತ್ರೀಯ ಸಂಗೀತಕ್ಕೆ ಕಪ್ಪು ಸಂಯೋಜಕರು ಕೊಟ್ಟದ್ದೇನು, ಅದಕ್ಕೆ ಸಿಕ್ಕ ಆದರವೇನು ಎಂಬುದನ್ನು ಆ ರಾಶಿಯೇ ಹೇಳುತ್ತದೆ.

ಈ ಪರಂಪರೆಯ ಬೇರು ಗುಲಾಮರು ಹಾಡಿಕೊಂಡ ಸ್ಪಿರಿಚುವಲ್ ಗೀತೆಗಳಲ್ಲಿದೆ. 1871ರಿಂದ ಫಿಸ್ಕ್ ವಿಶ್ವವಿದ್ಯಾಲಯದ ಗಾಯಕರು ಅವನ್ನು ಊರೂರಿಗೆ ಒಯ್ದರು. 1892ರಲ್ಲಿ ಬೊಹೆಮಿಯಾದ ಸಂಯೋಜಕ ಡ್ವೋರ್ಜಾಕ್ ನ್ಯೂಯಾರ್ಕಿನ ನ್ಯಾಷನಲ್ ಕನ್ಸರ್ವೇಟರಿಗೆ ನಿರ್ದೇಶಕರಾಗಿ ಬಂದರು. ಅಲ್ಲಿ ಓದುತ್ತಿದ್ದ ಹ್ಯಾರಿ ಬರ್ಲೀ, ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ತನ್ನ ಕುರುಡು ತಾತನಿಂದ ಕಲಿತ ಹಾಡುಗಳನ್ನು ಅವರಿಗೆ ಹಾಡಿ ಕೇಳಿಸಿದರು. ಅಮೆರಿಕದ ಮುಂದಿನ ಸಂಗೀತ ಈ ಹಾಡುಗಳ ಮೇಲೆಯೇ ನಿಲ್ಲಬೇಕು ಎಂದು ಡ್ವೋರ್ಜಾಕ್ 1893ರಲ್ಲಿ ಸಾರಿದರು.

ಆ ಮಾತನ್ನು ಸ್ವರದಲ್ಲಿ ನಿಜಮಾಡಿದವರಲ್ಲಿ ಕಪ್ಪು ಸಂಯೋಜಕ ವಿಲಿಯಂ ಗ್ರ್ಯಾಂಟ್ ಸ್ಟಿಲ್ ಮುಖ್ಯರು. 1931ರಲ್ಲಿ ರಾಚೆಸ್ಟರ್‌ನಲ್ಲಿ ಮೊದಲು ನುಡಿಸಿದ ಅವರ 'ಆಫ್ರೋ-ಅಮೆರಿಕನ್ ಸಿಂಫನಿ' ಬ್ಲೂಸ್ ಧಾಟಿಯ ಮೇಲೆ ಬೆಳೆಯುತ್ತದೆ. ಅದರ ಮೂರನೆಯ ಭಾಗದಲ್ಲಿ ಪಿಟೀಲುಗಳ ನಡುವೆ ಬ್ಯಾಂಜೊ ಮಿಡಿಯುತ್ತದೆ. ಆಫ್ರಿಕನ್ ಮೂಲದ ಆ ವಾದ್ಯಕ್ಕೆ ಸಿಂಫನಿಯ ಪಂಕ್ತಿಯಲ್ಲಿ ಅವರು ಮಣೆ ಹಾಕಿದರು.

1933ರ ಜೂನ್ 15ರಂದು ಷಿಕಾಗೊ ಸಿಂಫನಿ ಆರ್ಕೆಸ್ಟ್ರಾ ಪ್ರೈಸ್ ಅವರ ಮೊದಲ ಸಿಂಫನಿ ನುಡಿಸಿತು. ದೇಶದ ಪ್ರಮುಖ ಆರ್ಕೆಸ್ಟ್ರಾವೊಂದು ಕಪ್ಪು ಮಹಿಳೆಯ ಸಿಂಫನಿಯನ್ನು ನುಡಿಸಿದ್ದು ಅದೇ ಮೊದಲು. ಅದರ ಮೂರನೆಯ ಭಾಗ 'ಜುಬಾ' ಕುಣಿತ. ಡೋಲು ಬಾರಿಸುವುದನ್ನೇ ನಿಷೇಧಿಸಿದ್ದ ಕಡೆಗಳಲ್ಲಿ ಗುಲಾಮರು ತೊಡೆ, ಎದೆ ತಟ್ಟಿ, ನೆಲ ಮೆಟ್ಟಿ ತಾಳ ಹಾಕುತ್ತಿದ್ದರು. ಮೈಯನ್ನೇ ವಾದ್ಯ ಮಾಡಿಕೊಂಡವರ ಆ ಲಯ ಇಲ್ಲಿ ಇಡೀ ವಾದ್ಯವೃಂದಕ್ಕೆ ಏರುತ್ತದೆ. ಮರುವರ್ಷ ಇನ್ನೊಬ್ಬ ಕಪ್ಪು ಸಂಯೋಜಕ ವಿಲಿಯಂ ಡಾಸನ್ ಅವರ 'ನೀಗ್ರೊ ಫೋಕ್ ಸಿಂಫನಿ'ಯನ್ನು ಕಂಡಕ್ಟರ್ ಸ್ಟೊಕೊವ್‌ಸ್ಕಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾದಿಂದ ನುಡಿಸಿದರು.

ಆಮೇಲೆ ಬಾಗಿಲು ಮುಚ್ಚಿಕೊಂಡಿತು. ಹಾಡನ್ನು ಒಬ್ಬರೇ ಹಾಡಿಯಾದರೂ ಉಳಿಸಬಹುದು. ಸಿಂಫನಿಗೆ ಹತ್ತಾರು ವಾದಕರು, ಅವರವರಿಗೆ ಬರೆದ ಪ್ರತಿ, ಸಭಾಂಗಣ, ಹಣ ಎಲ್ಲವೂ ಬೇಕು. ಅದನ್ನೆಲ್ಲ ಕೈಯಲ್ಲಿಟ್ಟುಕೊಂಡವರು ಬಿಳಿಯರು. 1943ರಲ್ಲಿ ಪ್ರೈಸ್, ಬಾಸ್ಟನ್ನಿನ ಕಂಡಕ್ಟರ್ ಕುಸೆವಿಟ್ಸ್ಕಿಗೆ ಪತ್ರ ಬರೆದು, ಹೆಣ್ಣಾಗಿರುವುದು, ಕಪ್ಪು ಜನಾಂಗದವಳಾಗಿರುವುದು ಎಂಬ ಎರಡು ತೊಡಕುಗಳನ್ನು ಮೊದಲೇ ಹೇಳಿಕೊಂಡರು. ಅವನ್ನು ಬದಿಗಿಟ್ಟು ತನ್ನ ಕೃತಿ ನೋಡಿ ಎಂದು ಕೇಳಿದರು. ಕುಸೆವಿಟ್ಸ್ಕಿ ಆಕೆಯ ಕೃತಿಯನ್ನು ನುಡಿಸಲೇ ಇಲ್ಲ.

ಮನ್ನಣೆ ತಡವಾಗಿ ಬಂತು. ಸಂಗೀತದ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಸಂಯೋಜಕ ಜಾರ್ಜ್ ವಾಕರ್. ಅದು 1996ರಲ್ಲಿ, 'ಲೈಲಾಕ್ಸ್' ಕೃತಿಗೆ. 1883ರಲ್ಲಿ ಬಾಗಿಲು ತೆರೆದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ, ಕಪ್ಪು ಸಂಯೋಜಕರ ಆಪೆರಾವೊಂದನ್ನು ಮೊದಲು ಆಡಿದ್ದು 2021ರಲ್ಲಿ, ಟೆರೆನ್ಸ್ ಬ್ಲಾಂಚರ್ಡ್ ಅವರದನ್ನು. 2023ರ ಪುಲಿಟ್ಜರ್ ರಿಯಾನನ್ ಗಿಡೆನ್ಸ್ ಮತ್ತು ಮೈಕೆಲ್ ಏಬೆಲ್ಸ್ ಅವರ 'ಒಮರ್' ಆಪೆರಾಕ್ಕೆ ಸಂದಿತು. ಅದರ ನಾಯಕ ಒಮರ್ ಇಬ್ನ್ ಸಯೀದ್, 1831ರಲ್ಲಿ ಅರಬ್ಬಿಯಲ್ಲಿ ಆತ್ಮಕಥೆ ಬರೆದ ಗುಲಾಮ ವಿದ್ವಾಂಸ.

ಒಮರ್ ಬರೆದ ಹಾಳೆಗಳು ಉಳಿದವು, ಅದಕ್ಕೇ ಇಂದು ಅವನ ಕಥೆ ರಂಗದ ಮೇಲಿದೆ. ಪ್ರೈಸ್ ಬರೆದ ಹಾಳೆಗಳೂ ಉಳಿದಿವೆ. ಆದರೆ ಸ್ವರಲಿಪಿಗೆ ಕಪಾಟು ಸಾಲದು. ಅದನ್ನು ವಿಶೇಷ ದಿನಕ್ಕೊಮ್ಮೆ ಅಲ್ಲ, ಬೀಥೊವನ್‌ನನ್ನು ನುಡಿಸುವಂತೆ ವರ್ಷ ವರ್ಷವೂ ನುಡಿಸಬೇಕು.