ಸೋರುವ ಫ್ಲ್ಯಾಟು, ಜಾರಿಕೊಳ್ಳುವ ಬಿಲ್ಡರ್

ಕೀಲಿ ಕೈಗೆ ಬಂದ ಎರಡನೇ ಮಳೆಗಾಲಕ್ಕೆ ಬಾತ್‌ರೂಮಿನ ಪಕ್ಕದ ಗೋಡೆ ಉಬ್ಬಿ, ಬಣ್ಣದಡಿ ಬಿಳಿ ಉಪ್ಪು ಏಳುತ್ತದೆ. ಸೂಪರ್‌ವೈಸರ್ ಬಂದು ಪುಟ್ಟಿ ಬಳಿದು ಹೋಗುತ್ತಾನೆ. ಮುಂದಿನ ಮಳೆಗೆ ಗೋಡೆ ಮತ್ತೆ ಜಿನುಗುವ ಹೊತ್ತಿಗೆ ಅವನ ಫೋನ್ ಸ್ವಿಚ್ ಆಫ್. ಈಗ ಏನು ಮಾಡಬೇಕು?

ಹಳೆಯ ಕಾನೂನು ಕೊಳ್ಳುವವನ ಕಣ್ಣನ್ನೇ ನೆಚ್ಚಿತ್ತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಸಾಮಾನ್ಯ ಎಚ್ಚರಕ್ಕೆ ಸಿಗದ, ತನಗೆ ಗೊತ್ತಿರುವ ದೋಷವನ್ನು ಮಾರುವವನು ತಿಳಿಸಬೇಕು. ಅದರಾಚೆಗೆ ಕರಾರು ಪತ್ರ ಹಿಡಿದು ಸಿವಿಲ್ ಕೋರ್ಟಿಗೆ ಅಲೆಯಬೇಕಿತ್ತು. ಆ ಕರಾರನ್ನು ಬರೆಸಿದವನೂ ಬಿಲ್ಡರೇ!

ದಾರಿ ತಿರುಗಿದ್ದು 1993ರಲ್ಲಿ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ ‘ಸೇವೆ’ಯ ವ್ಯಾಪ್ತಿಗೆ ಮನೆ ನಿರ್ಮಾಣವೂ ಸೇರಿತು. ಅದೇ ವರ್ಷದ ನವೆಂಬರ್‌ನಲ್ಲಿ, ಲಖನೌ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತಾ ಪ್ರಕರಣದಲ್ಲಿ, ಸರ್ಕಾರಿ ಪ್ರಾಧಿಕಾರವೂ ಇದಕ್ಕೆ ಹೊರತಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಕಳಪೆ ಕೆಲಸ ಅಂದಿನಿಂದ ಸೇವಾ ನ್ಯೂನತೆ.

ಆದರೂ ದುರಸ್ತಿಗೆ ಗಡುವು ಬಂದದ್ದು ರೇರಾ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯಿಂದ. 2016ರ ಆ ಕಾಯ್ದೆಯ 14(3)ನೇ ಕಲಂ ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲೇ ಮನೆಯವರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು: ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ರಚನೆಯಲ್ಲೋ ಕೆಲಸಗಾರಿಕೆಯಲ್ಲೋ ಗುಣಮಟ್ಟದಲ್ಲೋ ದೋಷವಿದೆ ಎಂದು ಗಮನಕ್ಕೆ ತಂದರೆ, ಬಿಲ್ಡರ್ 30 ದಿನದೊಳಗೆ ಪುಕ್ಕಟೆಯಾಗಿ ಸರಿಪಡಿಸಬೇಕು, ತಪ್ಪಿದರೆ ಪರಿಹಾರ ಕೊಡಬೇಕು. ಹಾಗಾಗಿ ಫೋನ್ ಸಾಲದು. ದಿನಾಂಕವಿರುವ ಇಮೇಲ್, ನೋಂದಾಯಿತ ಅಂಚೆಯ ಪತ್ರ, ಫೋಟೋ, ಆಮೇಲೆ ಸ್ವತಂತ್ರ ಎಂಜಿನಿಯರ್ ವರದಿ ಬೇಕು. ನೀರು ಸೋರುವುದು ನೀವು ಟೈಲ್ಸ್ ಬದಲಿಸಿದ್ದರಿಂದ ಎಂಬ ವಾದ ಬಂದೇ ಬರುತ್ತದೆ.

ಕರ್ನಾಟಕದಲ್ಲಿ ರೇರಾ ನಿಯಮಗಳು ಜಾರಿಯಾದದ್ದು 2017ರ ಜುಲೈನಲ್ಲಿ. ಪರಿಹಾರದ ಮೊತ್ತ ನಿಗದಿ ಮಾಡುವುದು ರೇರಾ ಪ್ರಾಧಿಕಾರವಲ್ಲ, ನ್ಯಾಯನಿರ್ಣಯ ಅಧಿಕಾರಿ ಎಂಬುದನ್ನು ಸುಪ್ರೀಂ ಕೋರ್ಟಿನ 2021ರ ನ್ಯೂಟೆಕ್ ತೀರ್ಪು ಸ್ಪಷ್ಟಪಡಿಸಿತು. ಅರ್ಜಿ ಹಾಕುವಾಗಲೇ ಈ ವ್ಯತ್ಯಾಸ ನೋಡಿಕೊಳ್ಳದಿದ್ದರೆ ತಿಂಗಳುಗಳು ವ್ಯರ್ಥ.

ರೇರಾ ಬಂದ ಮೇಲೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿತೇ? ಇಲ್ಲ ಎಂದಿತು ಸುಪ್ರೀಂ ಕೋರ್ಟಿನದೇ 2020ರ ಇಂಪೀರಿಯಾ ತೀರ್ಪು. ಅದೇ ವರ್ಷ ಬೆಂಗಳೂರಿನ ಬೇಗೂರಿನ ಡಿಎಲ್‌ಎಫ್ ಯೋಜನೆಯ ಪ್ರಕರಣದಲ್ಲಿ, ಸ್ವಾಧೀನ ಪಡೆದು ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ಪರಿಹಾರದ ಹಕ್ಕು ಹೋಗದು ಎಂದು ಕೋರ್ಟ್ ಹೇಳಿತು. ಅದು ವಿಳಂಬದ ವ್ಯಾಜ್ಯ, ನಿಜ. ಆದರೆ ‘ಎಲ್ಲ ಸರಿಯಿದೆ ಎಂದು ಸಹಿ ಹಾಕಿದ್ದೀರಲ್ಲ’ ಎನ್ನುವವರಿಗೆ ತೋರಿಸಲು ಒಳ್ಳೆಯ ಆಧಾರ. ಗ್ರಾಹಕ ದೂರಿಗೆ ಕಾರಣ ಹುಟ್ಟಿದ ಎರಡೇ ವರ್ಷದ ಅವಧಿ ಎಂಬುದು ಮಾತ್ರ ನೆನಪಿರಲಿ.

ದೋಷ ಬಾತ್‌ರೂಮಿಗೇ ನಿಲ್ಲುವುದೂ ಇಲ್ಲ. 2022ರ ಫೆಬ್ರುವರಿಯಲ್ಲಿ ಗುರುಗ್ರಾಮದ ಚಿಂಟೆಲ್ಸ್ ಪ್ಯಾರಡೈಸೋದಲ್ಲಿ ಮಹಡಿಗಳು ಕುಸಿದು ಇಬ್ಬರು ಸತ್ತರು. ಐಐಟಿ ದೆಹಲಿಯ ತಪಾಸಣೆ ಕಾಂಕ್ರೀಟಿನಲ್ಲಿದ್ದ ಕ್ಲೋರೈಡ್ ಕಡೆಗೆ ಬೆರಳು ಮಾಡಿತು. ಒಬ್ಬೊಬ್ಬರೇ ಇಂಥ ತಪಾಸಣೆ ಮಾಡಿಸುವುದು ಕಷ್ಟ, ನಿವಾಸಿಗಳ ಸಂಘ ಮಾಡಿಸಬಹುದು.

ಇನ್ನು ಹಣ ಕೈಗೆ ಬರುವ ಮಾತು. ರೇರಾ ಆದೇಶದ ಮೊತ್ತವನ್ನು ಭೂಕಂದಾಯ ಬಾಕಿಯಂತೆ ವಸೂಲು ಮಾಡಬೇಕು, ಅಂದರೆ ಕಡತ ಕಂದಾಯ ಇಲಾಖೆಗೆ ಹೋಗಿ ಕೂರುತ್ತದೆ. ಗ್ರಾಹಕ ಆಯೋಗದ ಆದೇಶ ಧಿಕ್ಕರಿಸಿದವನಿಗೋ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 72ನೇ ಕಲಂನಡಿ ಮೂರು ವರ್ಷದವರೆಗೆ ಜೈಲು ಆಗಬಹುದು. ಆಯ್ಕೆ ಎರಡಿದ್ದಾಗ ನಾನು ಈ ಎರಡನೆಯದಕ್ಕೇ ಒಲಿಯುವುದು ಅದಕ್ಕಾಗಿ.